ಬೋಲ್ಟ್ ಕೂತರೆ ಸಾಕೆ?

ಬನಶಂಕರಿಯಿಂದ ಬಿಟಿಎಂ ಲೇಔಟ್‌ಗೆ ಒಳರಸ್ತೆಗಳಲ್ಲೇ ನುಸುಳಿಕೊಂಡು ಹೋಗುವವರಿಗೆ ದಾರಿಯ ಹಂಪ್‌ಗಳ ಲೆಕ್ಕ ಇಡಲಾಗುವುದಿಲ್ಲ. ಹಂಪ್ ಹೇಗಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಕೊಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಮೆತ್ತಗೆ ದಾಟುವಂಥದ್ದು. ನಮ್ಮ ಅಡ್ಡರಸ್ತೆಗಳ ಹಂಪ್‌ಗಳಲ್ಲಿ ಹೆಚ್ಚಿನವು ಒಂದು ಮಾರು ಅಗಲವೂ ಇಲ್ಲದೆ ಗೋಡೆಯಂತೆ ಎದ್ದು ನಿಂತಿರುತ್ತವೆ. ಮೆಟ್ರೊ ಕೆಲಸಕ್ಕೆಂದು ವರ್ಷಗಟ್ಟಲೆ ಅಗೆಸಿಕೊಂಡ ಬನ್ನೇರುಘಟ್ಟ ರಸ್ತೆಯನ್ನೂ ಇದಕ್ಕೆ ಸೇರಿಸಿದರೆ, ಬೈಕ್ ಸವಾರನ ಸೊಂಟದ ಕಥೆ ಯಾರೂ ಹೇಳಬೇಕಿಲ್ಲ. ಆಗ ಸಿಗುವ ಸಲಹೆ ಒಂದೇ: ‘ಆ ಬೈಕಿನ ಶಾಕ್ಸ್ ಇದಕ್ಕೆ ಹಾಕ್ಸಿ, ಸಕತ್ತಾಗಿರುತ್ತೆ.’ ಬಿಡಿಭಾಗಗಳ ಜೆ.ಸಿ. ರಸ್ತೆ ಜಯನಗರದಿಂದ ಹತ್ತು ಹದಿನೈದು ನಿಮಿಷದ ದಾರಿ. ಟ್ರಾಫಿಕ್ ಇಲ್ಲದಿದ್ದರೆ, ಅಂದರೆ ಅಂಗಡಿಗಳೆಲ್ಲ ಬಾಗಿಲು ಹಾಕಿರುವ ಹೊತ್ತಿನಲ್ಲಿ.

ಹೀಗೆ ಸಿಗುವ ಸಲಹೆಗಳಲ್ಲಿ ಹೆಸರಾದದ್ದು, ಯಮಹಾ ಆರ್‌ಎಕ್ಸ್ 100ಕ್ಕೆ ಪಲ್ಸರ್‌ನ ನೈಟ್ರಾಕ್ಸ್ ಶಾಕ್ಸ್ ಹಾಕುವುದು. 1985ರಲ್ಲಿ ಬಂದು 1996ರಲ್ಲಿ ತಯಾರಿಕೆ ನಿಂತ ಈ ಬೈಕಿನ ಮೇಲಿನ ಮೋಹ ದಕ್ಷಿಣ ಬೆಂಗಳೂರಿನಲ್ಲಿ ಇನ್ನೂ ಇಳಿದಿಲ್ಲ. ಕೆಲಸವೂ ಮೇಲ್ನೋಟಕ್ಕೆ ಸಲೀಸು. ಹಳೇ ಶಾಕ್ಸ್ ಬಿಚ್ಚು, ಹೊಸದರ ಕಣ್ಣಿನ ತೂತು ದೊಡ್ಡದಿದ್ದರೆ ಲೇತ್‌ನವನ ಹತ್ತಿರ ಒಂದು ಬುಶ್ ಕಡೆಸು, ಅದರ ಗ್ಯಾಸ್ ಡಬ್ಬಿ ಚೈನ್ ಕವರ್‌ಗೆ ತಾಗಿದರೆ ಎರಡು ವಾಷರ್ ಕೊಟ್ಟು ಆಚೆ ಸರಿಸು, ನಟ್ ಬಿಗಿ ಮಾಡು. ಅರ್ಧ ದಿನದಲ್ಲಿ ಗಾಡಿ ಆಚೆ ಬರುತ್ತದೆ. ತೊಂದರೆ ಇರುವುದು ಈ ಸಲೀಸಿನಲ್ಲೇ. ಬೋಲ್ಟ್ ಕೂತಿತು ಎಂದರೆ ಶಾಕ್ಸ್ ಆ ಬೈಕಿಗೆ ಹೊಂದಿತು ಎಂದಲ್ಲ. ಕೂರುವುದು ಬೇರೆ, ಹೊಂದುವುದು ಬೇರೆ. ಸಸ್ಪೆನ್ಷನ್ ಎನ್ನುವುದು ಕನ್ನಡಿಯಂತೆ, ಸೀಟ್ ಕವರಿನಂತೆ ಬಿಡಿಯಾಗಿ ಕೊಳ್ಳುವ ವಸ್ತುವಲ್ಲ. ಬೈಕಿನ ತೂಕ, ಸ್ವಿಂಗ್ ಆರ್ಮ್‌ನ ಉದ್ದ, ಶಾಕ್ಸ್ ನಿಂತ ಕೋನ, ಚಕ್ರದ ಅಳತೆ ಎಲ್ಲ ಸೇರಿಸಿ ಹಾಕಿದ ಒಂದು ಲೆಕ್ಕ. ಅದರಲ್ಲಿ ಒಂದು ಅಂಕಿ ಬದಲಾಯಿಸಿದರೆ ಉತ್ತರವೇ ಬದಲಾಗುತ್ತದೆ.

ಮೊದಲು ತೂಕ. ಆರ್‌ಎಕ್ಸ್ 100 ನೂರು ಕೆ.ಜಿ. ಆಸುಪಾಸಿನ ಬೈಕು, ಪಲ್ಸರ್ 150 ನೂರ ನಲವತ್ತು ದಾಟಿದ್ದು. ಭಾರದ ಬೈಕಿಗೆಂದು ಮಾಡಿದ ಸ್ಪ್ರಿಂಗ್ ಹಗುರ ಬೈಕಿನ ಕೆಳಗೆ ಕೂತಾಗ, ಒಬ್ಬನೇ ಸವಾರನಿದ್ದರೆ ಅದು ಕುಗ್ಗುವುದೇ ಕಡಿಮೆ. ಚಕ್ರ ಗುಂಡಿಯೊಳಗೆ ಇಳಿದು ನೆಲಕ್ಕೆ ಅಂಟಿಕೊಳ್ಳುವ ಬದಲು ಪುಟಿಯುತ್ತದೆ. ಸವಾರನಿಗೆ ‘ಗಟ್ಟಿಯಾಗಿದೆ, ಗ್ರಿಪ್ಪಾಗಿದೆ’ ಅನ್ನಿಸಬಹುದು. ಆದರೆ ಗಾಳಿಯಲ್ಲಿರುವ ಟೈರಿಗೆ ಯಾವ ಗ್ರಿಪ್ಪೂ ಇಲ್ಲ. ನೈಟ್ರಾಕ್ಸ್ ಶಾಕ್ಸ್‌ನ ಗ್ಯಾಸ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಆ ಡಬ್ಬಿಯ ನೈಟ್ರೋಜನ್ ಮಾಡುವ ಕೆಲಸ, ಒಳಗಿನ ಎಣ್ಣೆ ಒಂದೇ ಸಮ ಕಡೆದು ನೊರೆಯಾಗದಂತೆ ಒತ್ತಡದಲ್ಲಿಡುವುದು. ಉದ್ದದ ಕೆಟ್ಟ ರಸ್ತೆಯಲ್ಲಿ ಶಾಕ್ಸ್ ಸುಸ್ತಾಗುವುದಿಲ್ಲ, ಅಷ್ಟೇ. ಕುಳಿತವನಿಗೆ ಮೆತ್ತಗಾಗಲಿ ಎಂದು ಗ್ಯಾಸ್ ತುಂಬಿರುವುದಿಲ್ಲ. ಅಂದಕ್ಕೆಂದು ಮಾತ್ರ ಡಬ್ಬಿ ಅಂಟಿಸಿದ ಶಾಕ್ಸೂ ಮಾರ್ಕೆಟ್ಟಿನಲ್ಲಿದೆ. ಅದರ ವಿಷಯ ಬಿಡಿ.

ಇನ್ನೂ ಕಣ್ಣಿಗೆ ಬೀಳದ ಅಂಕಿ ಎಂದರೆ ಸನ್ನೆಗೋಲಿನದು. ಎರಡು ಶಾಕ್ಸ್ ಇರುವ ಹಳೇ ಬೈಕುಗಳಲ್ಲಿ ಅವು ಆಕ್ಸೆಲ್ಲಿನ ಹತ್ತಿರವೇ ಹೆಚ್ಚುಕಡಿಮೆ ನೇರ ನಿಂತಿರುತ್ತವೆ. ಚಕ್ರ ಎಷ್ಟು ಏರುತ್ತದೋ ಸುಮಾರು ಅಷ್ಟೇ ಶಾಕ್ಸ್ ಕುಗ್ಗುತ್ತದೆ. ಮೋನೋಶಾಕ್ ಹಾಗಲ್ಲ, ಸೀಟಿನ ಕೆಳಗೆ, ಸ್ವಿಂಗ್ ಆರ್ಮ್‌ನ ಬುಡದ ಕಡೆ ಇರುತ್ತದೆ. ಅಲ್ಲಿ ಚಕ್ರ ಎರಡು ಇಂಚು ಏರಿದಾಗ ಶಾಕ್ ಒಂದೇ ಇಂಚು ಕುಗ್ಗುತ್ತದೆ ಎಂದುಕೊಳ್ಳೋಣ. ಆ ಸ್ಪ್ರಿಂಗ್‌ನ ಬಿಗಿ ಚಕ್ರದ ಬಳಿ ಅರ್ಧವಾಗಿ ಅಲ್ಲ, ಕಾಲುಭಾಗವಾಗಿ ಕಾಣುತ್ತದೆ. ಕುಗ್ಗುವುದೇ ಅರ್ಧ, ಆ ಕುಗ್ಗಿನಿಂದ ಹುಟ್ಟಿದ ಬಲವೂ ಸನ್ನೆಯ ತುದಿಗೆ ಬರುವಷ್ಟರಲ್ಲಿ ಮತ್ತೆ ಅರ್ಧ. ಅದೇ ಸ್ಪ್ರಿಂಗನ್ನು ಆಕ್ಸೆಲ್ ಹತ್ತಿರ ತಂದು ನೇರ ನಿಲ್ಲಿಸಿದರೆ ಚಕ್ರಕ್ಕೆ ನಾಲ್ಕು ಪಟ್ಟು ಬಿಗಿ. 180 ಮಿಲಿಮೀಟರ್ ಓಡಾಟದ ಹಿಂಚಕ್ರವಿರುವ 411 ಸಿಸಿಯ ಹಿಮಾಲಯನ್ ಬೈಕು ಗುಂಡಿಗಳನ್ನು ನುಂಗಿಕೊಂಡು ಹೋಗುತ್ತದೆ ಎಂದು ಅದರ ಶಾಕ್ ತಂದು ಬೇರೊಂದಕ್ಕೆ ವೆಲ್ಡ್ ಮಾಡಿಸುವವರು ಮರೆಯುವುದು ಇದನ್ನೇ. ಗುಂಡಿ ನುಂಗುವುದು ಬರೀ ಶಾಕ್ ಅಲ್ಲ, ಅದನ್ನು ಹಿಡಿದಿರುವ ಇಡೀ ಲಿಂಕೇಜು.

ಮುಂದಿನ ಫೋರ್ಕಿನ ವಿಷಯಕ್ಕೆ ಬಂದರೆ ಪ್ರಶ್ನೆ ಸುಖದ್ದಲ್ಲ, ಪ್ರಾಣದ್ದು. ಆಸ್ಪತ್ರೆಯ ಟ್ರಾಲಿಯ ಚಕ್ರ ತಾನಾಗಿ ನೇರವಾಗುವುದು ಅದು ತನ್ನ ತಿರುಗುಗೂಟಕ್ಕಿಂತ ಹಿಂದೆ ಎಳೆಸಿಕೊಂಡು ಬರುವುದರಿಂದ. ಬೈಕಿನ ಮುಂಚಕ್ರವೂ ಹಾಗೆಯೇ. ಹ್ಯಾಂಡಲ್ ತಿರುಗುವ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಟೈರು ನೆಲ ಮುಟ್ಟುವ ಜಾಗ ಹಿಂದಿರುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಆರ್‌ಎಕ್ಸ್ 100ರ ಎರಡು ಚಕ್ರಗಳ ನಡುವಿನ ದೂರ 1,240 ಮಿಲಿಮೀಟರ್. ಉದ್ದದ ಶಾಕ್ಸ್ ಹಾಕಿ ಹಿಂದುಗಡೆ ಬರೀ 20 ಮಿಲಿಮೀಟರ್ ಎತ್ತಿದರೂ ಬೈಕು ಒಂದು ಡಿಗ್ರಿಯ ಹತ್ತಿರ ಮುಂದಕ್ಕೆ ಬಾಗುತ್ತದೆ, ಟ್ರೇಲ್ ಐದಾರು ಮಿಲಿಮೀಟರ್ ಕಡಿಮೆಯಾಗುತ್ತದೆ. ಸಿಗ್ನಲ್‌ಗಳ ನಡುವೆ ‘ಸ್ಟೀರಿಂಗ್ ಹಗುರಾಯಿತು’ ಎಂಬ ಖುಷಿ. ಕನಕಪುರ ರಸ್ತೆಯಲ್ಲಿ ಎಂಬತ್ತು ದಾಟಿದಾಗ ಹ್ಯಾಂಡಲ್ ನಡುಗುವುದೂ ಅದರಿಂದಲೇ ಇರಬಹುದು. ಹಿಂದೆ ಎತ್ತಿದ್ದು ಇಷ್ಟು ಮಾಡುವುದಾದರೆ, ಕೆಟಿಎಂ ಡ್ಯೂಕ್‌ನ ದಪ್ಪ ತಲೆಕೆಳಗು ಫೋರ್ಕನ್ನು, ಅದರ 17 ಇಂಚಿನ ಚಕ್ರದ ಸಮೇತ, 18 ಇಂಚಿನ ಚಕ್ರಕ್ಕೆಂದು ಮಾಡಿದ ಚಾಸಿಸ್‌ಗೆ ಸಿಕ್ಕಿಸಿದಾಗ ಎಷ್ಟು ಅಂಕಿ ಒಟ್ಟಿಗೆ ಬದಲಾದಾವು? ಫೋರ್ಕಿನ ಉದ್ದ, ಕ್ಲಾಂಪ್‌ನ ಅಂತರ, ಚಕ್ರದ ವ್ಯಾಸ, ಬ್ರೇಕಿನ ಜೋರು, ಎಲ್ಲವೂ. ಕೋನ್ ಸೆಟ್ ಕೂರಲೆಂದು ಸ್ಟೀರಿಂಗ್ ಕಾಂಡವನ್ನು ಕತ್ತರಿಸಿ ವೆಲ್ಡ್ ಮಾಡಿದ್ದರಂತೂ ಪ್ರತಿ ಬ್ರೇಕಿನ ಭಾರ ಹೊರುವುದು ಆ ಒಂದು ಬೆಸುಗೆ.

ಕಂಪನಿಗಳೇ ಒಂದರದ್ದು ಇನ್ನೊಂದಕ್ಕೆ ಹಾಕುವುದಿಲ್ಲವೇ ಎಂದು ಕೇಳಬಹುದು. ಖಂಡಿತ ಹಾಕುತ್ತವೆ. 2018ರಲ್ಲಿ ಬಂದ ಎರಡು ಡಿಸ್ಕ್‌ನ ಪಲ್ಸರ್ 150ಕ್ಕೆ ಬಜಾಜ್ 31 ಮಿಲಿಮೀಟರ್ ಫೋರ್ಕಿನ ಬದಲು 37 ಮಿಲಿಮೀಟರ್‌ನದನ್ನು ಕೊಟ್ಟಿತು. ಆದರೆ ಜೊತೆಗೇ ಸ್ವಿಂಗ್ ಆರ್ಮ್ ಉದ್ದವಾಯಿತು, ಟೈರು ದಪ್ಪವಾಯಿತು. ಫೋರ್ಕೊಂದನ್ನೇ ಬದಲಿಸಿ ಕೈತೊಳೆದುಕೊಳ್ಳಲಿಲ್ಲ. ಇನ್ನೊಂದು ಮಾತು: ‘ಎಷ್ಟೋ ಜನ ಹಾಕಿಸಿಕೊಂಡು ಓಡಿಸ್ತಿದ್ದಾರೆ, ಏನಾಗಿದೆ?’ ಇದನ್ನು ತಳ್ಳಿಹಾಕಲು ಮನಸ್ಸು ಬಾರದು, ಏಕೆಂದರೆ ಬಹುಪಾಲು ನಿಜ. ಮೂವತ್ತರ ವೇಗದಲ್ಲಿ, ನೇರ ರಸ್ತೆಯಲ್ಲಿ, ಮೋಟರ್ ಸೈಕಲ್ ಬಹಳ ಕ್ಷಮಿಸುತ್ತದೆ. ಲೆಕ್ಕ ತಪ್ಪಿದ್ದು ಗೊತ್ತಾಗುವುದು ಮಳೆಯಲ್ಲಿ, ತಿರುವಿನಲ್ಲಿ, ದಿಢೀರ್ ಬ್ರೇಕಿನಲ್ಲಿ. ಆಗಲೂ ಬೈಯಿಸಿಕೊಳ್ಳುವುದು ರಸ್ತೆ. ಇನ್ನು ‘ಚೆನ್ನಾಗಾಯಿತು’ ಎನ್ನುವವರ ಅನುಭವದಲ್ಲಿ ಅರ್ಧ ಪಾಲು ಭಾಗ ಹೊಸದೆಂಬುದಕ್ಕೆ ಸೇರಿದ್ದು ಎನ್ನುವುದು ನನ್ನ ಗುಮಾನಿ. ಹತ್ತು ವರ್ಷ ಫೋರ್ಕ್ ಆಯಿಲ್ ಬದಲಿಸದ, ಆಯಿಲ್ ಸೀಲ್ ಸೋರುವ, ಸ್ವಿಂಗ್ ಆರ್ಮ್ ಬುಶ್ ಸವೆದ ಬೈಕಿಗೆ ಅದರದ್ದೇ ಹೊಸ ಶಾಕ್ಸ್ ಹಾಕಿದ್ದರೂ ಅದೇ ಸುಖ ಸಿಗುತ್ತಿತ್ತು.

ಆದರೆ ಅದರದ್ದೇ ಹೊಸದು ಸಿಗದಿದ್ದರೆ? ಇದಕ್ಕೆ ನಾನು ತಲೆಬಾಗುತ್ತೇನೆ. ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು; ಇವತ್ತಿಗೂ ಅದರ ಹಳೇ ಯೆಜ್ಡಿ ಓಡಿಸುವವರು ಎಲ್ಲಿಂದಲೋ ಹೊಂದಿಸಿಕೊಳ್ಳಲೇಬೇಕು. ಹಾಗೆ ಮಾಡುವವರಿಗೆ ಬೇಕಾದದ್ದು ಒಂದು ಟೇಪು. ಹಳೇ ಶಾಕ್ಸ್‌ನ ಕಣ್ಣಿಂದ ಕಣ್ಣಿಗೆ ಉದ್ದ ಎಷ್ಟು, ಪೂರಾ ಕುಗ್ಗಿದರೆ ಎಷ್ಟು, ಅಷ್ಟು ಕುಗ್ಗಿದಾಗ ಟೈರು ಮಡ್‌ಗಾರ್ಡಿಗೆ ತಾಗುತ್ತದೆಯೇ ಎಂಬುದನ್ನು ಮೊದಲು ಅಳೆಯಬೇಕು. ಹೊಸದು ಹಾಕಿದ ಮೇಲೆ ಚಕ್ರ ಎತ್ತಿ ಆಕ್ಸೆಲ್‌ನಿಂದ ಸೀಟಿಗೆ ಅಳೆದು, ಸವಾರ ಕೂತ ಮೇಲೆ ಇನ್ನೊಮ್ಮೆ ಅಳೆಯಬೇಕು. 90 ಮಿಲಿಮೀಟರ್ ಓಡಾಟವಿದ್ದರೆ 25–30 ಇಳಿಯಬೇಕು. ಹತ್ತೇ ಇಳಿದರೆ ಸ್ಪ್ರಿಂಗ್ ಇವನದ್ದಲ್ಲ.

ಕಾನೂನಿನ ಮಾತು ಸ್ವಲ್ಪದರಲ್ಲಿ ಮುಗಿಯುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡನ್ನೂ ಹೇಳುತ್ತದೆ. ಅದೇ ಅಳತೆಯ ಶಾಕ್ಸ್ ಬದಲಿಸಿದ್ದನ್ನು ಯಾರೂ ಮಾರ್ಪಾಡು ಎನ್ನಲಾರರು. ಚಾಸಿಸ್ ಕತ್ತರಿಸಿ ಮೋನೋಶಾಕ್ ಕೂರಿಸಿದ್ದನ್ನು ಮಾರ್ಪಾಡಲ್ಲ ಎನ್ನಲಾಗದು. ಹದಿನೈದು ವರ್ಷ ತುಂಬಿದ ಬೈಕಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಗಾಡಿಯನ್ನು ಆರ್‌ಟಿಒಗೆ ಒಯ್ದು ತೋರಿಸಬೇಕು. ಊರಿನ ಆರ್‌ಎಕ್ಸ್ 100ಗಳೆಲ್ಲ ಈ ಸಾಲಿಗೆ ಸೇರಿ ಬಹಳ ಕಾಲವಾಯಿತು. ಬಿಚ್ಚಿದ ಹಳೇ ಶಾಕ್ಸ್ ಜೋಡಿಯನ್ನು ಗುಜರಿಗೆ ಹಾಕದೆ ಅಟ್ಟದ ಮೇಲೆ ಎತ್ತಿಟ್ಟವರಿಗೆ ಜಯನಗರದ ಕೆಎ 05 ಕಚೇರಿಯಲ್ಲಿ ಆ ದಿನ ಕೆಲಸ ಬೇಗ ಮುಗಿಯುತ್ತದೆ.