ಎಡವುವ ವಿದ್ಯಾರ್ಥಿಯ ಗುರುವಿಗೊಂದು ಗುರುಕುಲ

ಚಾಮರಾಜನಗರ ಜಿಲ್ಲೆಯ ಬದನಗುಪ್ಪೆಯಂತಹ ಊರುಗಳಿಂದ ಹೊರಟು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನೋ ಲೆಕ್ಕಶಾಸ್ತ್ರವನ್ನೋ ಇಂಗ್ಲಿಷಿನಲ್ಲಿ ಎದುರುಗೊಳ್ಳುವ ವಿದ್ಯಾರ್ಥಿಯು ಮೊದಲ ಪರೀಕ್ಷೆಯಲ್ಲಿ ಸೋತನೆಂದರೆ, ಅದಕ್ಕೆ ಬುದ್ಧಿಮಾಂದ್ಯವೇ ಕಾರಣವೆಂದು ನಿರ್ಣಯಿಸುವುದು ಘೋರ ಅನ್ಯಾಯ. ಉಪನ್ಯಾಸವನ್ನು ಕೇಳುತ್ತ ಟಿಪ್ಪಣಿ ಬರೆದುಕೊಳ್ಳುವ ಕ್ರಮ, ಕಠಿನವಾದ ಪಾಠವನ್ನು ಬಿಡಿಸಿ ಓದುವ ಅಭ್ಯಾಸ, ತಿಳಿಯದುದನ್ನು ಕೇಳುವ ಧೈರ್ಯ, ಇವನ್ನು ಆತನಿಗೆ ಯಾರೂ ಕಲಿಸಿರುವುದಿಲ್ಲ. ಈ ಕೊರತೆಯನ್ನು ನೀಗಲೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು ಹಿಂದುಳಿದ ವರ್ಗಗಳ ಮತ್ತು ಪರಿಶಿಷ್ಟರ ಮಕ್ಕಳಿಗಾಗಿ ಪರಿಹಾರ ಬೋಧನೆಗೆ ಧನಸಹಾಯವನ್ನಿತ್ತುದು ಶ್ಲಾಘ್ಯವೇ ಸರಿ. ಆದರೆ ಆ ಬೋಧನೆಯನ್ನು ಮಾಡತಕ್ಕವರಿಗೆ ಶಿಕ್ಷಣವೆಲ್ಲಿ? ಬೆಳಗಿನ ಪಾಠವನ್ನೇ ಸಂಜೆ ನಿಧಾನವಾಗಿ ಪುನರುಚ್ಚರಿಸುವುದು ಪರಿಹಾರವಾಗಲಾರದು.

ನಮ್ಮ ಸೀಮೆಗೆ ಸಮೀಪದ ಉತ್ತರವು ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳಲ್ಲೊಂದಾದ ಅಲ್ಲಿಯ ಸಂಸ್ಥೆಯು, ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರವೆನಿಸಿ, 2023ರ ತರುವಾಯ ಮದನಮೋಹನ ಮಾಳವೀಯರ ಹೆಸರಿನ ಅಧ್ಯಾಪಕ ತರಬೇತಿ ಕೇಂದ್ರವಾಗಿದೆ. ಹೊಸದಾಗಿ ಸೇವೆಗೆ ಸೇರಿದವರಿಗೆ ಓರಿಯೆಂಟೇಷನ್, ಅನುಭವಿಗಳಿಗೆ ರಿಫ್ರೆಷರ್ ಕೋರ್ಸ್, ಇವು ಅಲ್ಲಿಯ ಮುಖ್ಯ ಕಾರ್ಯ. ಅಧ್ಯಾಪಕರ ಪದೋನ್ನತಿಗೂ ಇವು ಅವಶ್ಯಕ. ನಾನಾ ಊರುಗಳ ಉಪನ್ಯಾಸಕರು ಒಂದೆಡೆ ಕಲೆತು, ತಮ್ಮ ವೃತ್ತಿಯನ್ನೇ ವಿಚಾರದ ವಸ್ತುವಾಗಿಸಿಕೊಳ್ಳುವುದು ಸಾಮಾನ್ಯ ಲಾಭವಲ್ಲ.

ಆದರೂ ಹಿಂದೆ ಬಿದ್ದವನ ಕೈ ಹಿಡಿಯುವುದನ್ನೇ ಪ್ರತ್ಯೇಕ ವಿದ್ಯೆಯೆಂದು ಬಗೆದು ಬೋಧಿಸಿದ ಸಂಸ್ಥೆಯನ್ನು ಅರಸುವವರು ಅಮೆರಿಕೆಯತ್ತ ನೋಡಬೇಕು. ಉತ್ತರ ಕೆರೊಲಿನಾದ ಬೂನ್ ಎಂಬ ಗುಡ್ಡಗಾಡಿನ ಪಟ್ಟಣದಲ್ಲಿರುವ ಅಪಲೇಚಿಯನ್ ಸ್ಟೇಟ್ ವಿಶ್ವವಿದ್ಯಾಲಯವು 1980ರಲ್ಲಿ ಕೆಲಾಗ್ ಇನ್‌ಸ್ಟಿಟ್ಯೂಟನ್ನು ಆರಂಭಿಸಿತು. ಬೇಸಿಗೆಯ ಕೆಲವು ವಾರ ಅಲ್ಲಿಯೇ ವಾಸಿಸಿ ಕಲಿಯುವವರು ಪ್ರಮಾಣಪತ್ರವನ್ನು ಕೂಡಲೇ ಪಡೆಯುವುದಿಲ್ಲ. ತಮ್ಮ ಕಾಲೇಜಿಗೆ ಮರಳಿ, ಕಲಿತುದನ್ನು ಅಲ್ಲಿಯ ಒಂದು ಸಮಸ್ಯೆಗೆ ಪ್ರಯೋಗಿಸಿ, ಫಲಿತಾಂಶವನ್ನು ವರದಿ ಮಾಡಬೇಕು. ಈ ಎರಡನೆಯ ಭಾಗವೇ ನನಗೆ ಅತ್ಯಂತ ಮೌಲಿಕವಾಗಿ ತೋರುತ್ತದೆ. ಅದೇ ದೇಶದ ಕ್ಯಾನ್ಸಸ್ ಸಿಟಿಯಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ರೂಪಿಸಿದ ಪದ್ಧತಿಯೂ ಸ್ಮರಣಾರ್ಹ: ಅಲ್ಲಿ ದುರ್ಬಲ ವಿದ್ಯಾರ್ಥಿಯನ್ನು ಗುರುತಿಸುವುದಿಲ್ಲ, ಬಹುಮಂದಿ ಸೋಲುವ ಕಠಿನ ವಿಷಯವನ್ನು ಗುರುತಿಸುತ್ತಾರೆ, ಆ ವಿಷಯದಲ್ಲಿ ಉತ್ತೀರ್ಣನಾದ ಹಿರಿಯ ವಿದ್ಯಾರ್ಥಿಯು ತರಬೇತಿ ಪಡೆದು, ಮತ್ತೆ ಅದೇ ತರಗತಿಯಲ್ಲಿ ಕುಳಿತು, ಬಳಿಕ ಕಿರಿಯರ ಕೂಟವನ್ನು ನಡೆಸುತ್ತಾನೆ. ಯಾರ ಹಣೆಗೂ ದಡ್ಡನೆಂಬ ಪಟ್ಟಿ ಅಂಟುವುದಿಲ್ಲ.

ಇನ್ನು ನಮ್ಮ ಜಿಲ್ಲೆಯನ್ನೇ ನೋಡಿದರೆ, ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಚಾಮರಾಜನಗರದ ಸುವರ್ಣಗಂಗೋತ್ರಿಯು 2023ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಗುಂಡ್ಲುಪೇಟೆಯ ಬಯಲಿನ ರೈತಮಕ್ಕಳೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳೂ ಓದಲು ಬರುವ ಈ ಜಿಲ್ಲೆಯಲ್ಲಿ, ಮಾನಸಗಂಗೋತ್ರಿಯ ಅನುಭವವನ್ನೂ ಬೂನ್ ಪಟ್ಟಣದ ಪ್ರಯೋಗಕ್ರಮವನ್ನೂ ಕೂಡಿಸಿ ಒಂದು ತರಬೇತಿಯನ್ನು ಏರ್ಪಡಿಸಿದರೆ, ಅದಕ್ಕೆ ಕೆಲಸವು ಸಾಲದೆ ಹೋಗದು. ಅಂತಹ ತರಬೇತಿಗೆ ಕಾಯಂ ಅಧ್ಯಾಪಕರನ್ನಷ್ಟೇ ಕರೆಯದೆ, ವಿದ್ಯಾರ್ಥಿಯು ಸಂಕೋಚವಿಲ್ಲದೆ ಮಾತನಾಡಿಸುವ ಅತಿಥಿ ಉಪನ್ಯಾಸಕರನ್ನೂ ಗ್ರಂಥಾಲಯದ ಸಿಬ್ಬಂದಿಯನ್ನೂ ವಿದ್ಯಾರ್ಥಿನಿಲಯದ ಮೇಲ್ವಿಚಾರಕರನ್ನೂ ಸಮಾನವಾಗಿ ಕರೆಯತಕ್ಕದ್ದು.