ಗುಣವಾಗದ ರೋಗಕ್ಕೂ ಆರೈಕೆಯುಂಟು

“ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿರಿ.” ಕ್ಯಾನ್ಸರ್ ಉಲ್ಬಣಿಸಿದಾಗ, ಮೂತ್ರಪಿಂಡಗಳು ಸೋತಾಗ ಅನೇಕ ಕುಟುಂಬಗಳು ಕೇಳುವ ಮಾತಿದು. ಕೆಲವರು ಹೊಲ ಮಾರಿ ಮತ್ತೊಂದು ದೊಡ್ಡ ಆಸ್ಪತ್ರೆಗೆ ಓಡುತ್ತಾರೆ. ಉಳಿದವರು ರೋಗಿಯನ್ನು ಪಡಸಾಲೆಯಲ್ಲಿ ಮಲಗಿಸಿ, ನರಳಾಟವನ್ನು ಅಸಹಾಯಕರಾಗಿ ನೋಡುತ್ತಾರೆ. ಇವೆರಡೂ ಅನಿವಾರ್ಯವಲ್ಲ. ರೋಗ ಗುಣವಾಗದಿದ್ದರೂ ನೋವನ್ನು ತಗ್ಗಿಸಬಹುದು. ಈ ಚಿಕಿತ್ಸೆಗೆ ಉಪಶಮನ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್ ಎಂದು ಹೆಸರು.

ಚರಕ ಸಂಹಿತೆಯು ಅಸಾಧ್ಯ ರೋಗಗಳಲ್ಲಿಯೂ ‘ಯಾಪ್ಯ’ವೆಂಬ ವರ್ಗವನ್ನು ಹೇಳುತ್ತದೆ. ಬುಡಸಮೇತ ಹೋಗದಿದ್ದರೂ ಪಥ್ಯ, ಔಷಧಗಳಿಂದ ಹತೋಟಿಯಲ್ಲಿಡಬಹುದಾದ ರೋಗವೇ ಯಾಪ್ಯ. ಉಪಶಮನ ಆರೈಕೆ ಇನ್ನೂ ಮುಂದೆ ಸಾಗಿ, ಕೊನೆಯ ಉಸಿರಿನವರೆಗೂ ರೋಗಿಯ ಕೈ ಬಿಡುವುದಿಲ್ಲ. ನೋವು, ಉಬ್ಬಸ, ವಾಂತಿ, ಹಾಸಿಗೆ ಹುಣ್ಣು, ಮನಸ್ಸಿನ ಭಯ, ಮನೆಯವರ ದಣಿವು ಇವೆಲ್ಲವೂ ಅದರ ವ್ಯಾಪ್ತಿಗೆ ಸೇರುತ್ತವೆ. ಅದು ಅಂತ್ಯಕಾಲಕ್ಕೆ ಮಾತ್ರ ಮೀಸಲಲ್ಲ. ರೋಗ ಪತ್ತೆಯಾದಂದಿನಿಂದಲೇ ಇತರ ಚಿಕಿತ್ಸೆಯೊಡನೆ ನಡೆಯಬಹುದು.

ಕ್ಯಾನ್ಸರ್ ನೋವಿಗೆ ಹಂತಹಂತವಾಗಿ ಔಷಧ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ರೂಪಿಸಿತು. ತೀವ್ರ ನೋವಿಗೆ ಅದರಲ್ಲಿರುವ ಮುಖ್ಯ ಔಷಧ ಮಾರ್ಫಿನ್. ‘ಅಫೀಮಿನದು, ಚಟ ಹಿಡಿಯುತ್ತದೆ’ ಎಂದು ಜನರು ಅಂಜುತ್ತಾರೆ. ತರಬೇತಾದ ವೈದ್ಯರು ನೋವನ್ನು ಅಳೆದು ಕೊಟ್ಟಾಗ ರೋಗಿಗೆ ಚಟ ಅಂಟುವುದು ವಿರಳ. ಮಲಬದ್ಧತೆಯಂತೂ ಸಾಮಾನ್ಯ, ಆದ್ದರಿಂದ ಜೊತೆಗೇ ವಿರೇಚಕ ಕೊಡುತ್ತಾರೆ. ಕ್ಯಾನ್ಸರನ್ನು ಬೇರುಸಹಿತ ಕೀಳುವ ಪುಡಿ ನಮ್ಮಲ್ಲಿದೆ ಎನ್ನುವವರನ್ನು ನಂಬಿ ಈ ಔಷಧವನ್ನು ನಿಲ್ಲಿಸಬಾರದೆಂದು ನಾವು ಆಯುರ್ವೇದ ವೈದ್ಯರಾಗಿಯೇ ಹೇಳುತ್ತೇವೆ.

ಹಾಗಾದರೆ ಇದು ಎಲ್ಲೆಡೆ ಏಕೆ ಸಿಗುತ್ತಿಲ್ಲ? 1985ರ ಮಾದಕ ವಸ್ತು ಕಾಯ್ದೆಯಿಂದಾಗಿ ಆಸ್ಪತ್ರೆಗಳು ಹಲವು ಪರವಾನಗಿ ಪಡೆಯಬೇಕಾಗಿತ್ತು. ಅನೇಕ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯು ಆ ತೊಡಕನ್ನು ಸಡಿಲಿಸಿತು. ರಾಷ್ಟ್ರೀಯ ಉಪಶಮನ ಆರೈಕೆ ಕಾರ್ಯಕ್ರಮ 2012ರಲ್ಲಿ ರೂಪುಗೊಂಡಿತು. 2016ರಲ್ಲಿ ಕರ್ನಾಟಕವು ತನ್ನದೇ ನೀತಿಯನ್ನು ಹೊರತಂದಿತು. ಬೆಂಗಳೂರಿನಲ್ಲಿ ಕಿದ್ವಾಯಿ ಗಂಥಿ ಸಂಸ್ಥೆಯಿದೆ, ಉಚಿತವಾಗಿ ಆರೈಕೆ ಮಾಡುವ ಕರುಣಾಶ್ರಯವಿದೆ. ಆದರೆ ಮಾಗಡಿಯಲ್ಲಿ ಹಾಸಿಗೆ ಹಿಡಿದ ಅಜ್ಜಿಗೆ ಬೆಂಗಳೂರು ದೂರ, ಹುಬ್ಬಳ್ಳಿಯೂ ದೂರವೇ. ಆಕೆಗೆ ಬೇಕಾದುದು ಗದುಗಿನ ಜಿಲ್ಲಾ ಆಸ್ಪತ್ರೆಯಲ್ಲಿ, ಶಿರಹಟ್ಟಿಯ ಸರ್ಕಾರಿ ಆಸ್ಪತ್ರೆಯಲ್ಲಿ ತರಬೇತಾದ ಒಬ್ಬ ವೈದ್ಯ, ಬೀರುವಿನಲ್ಲಿ ಮಾರ್ಫಿನ್ ಮಾತ್ರೆ, ಮನೆಗೆ ಬರುವ ಒಬ್ಬ ದಾದಿ. ಇದಕ್ಕೆ ದುಬಾರಿ ಯಂತ್ರಗಳು ಬೇಕಿಲ್ಲ.

ನೆರೆಯ ಕೇರಳ ಇದನ್ನು ಮಾಡಿ ತೋರಿಸಿದೆ. 1993ರಲ್ಲಿ ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಕೆಲವು ವೈದ್ಯರು, ಸ್ವಯಂಸೇವಕರು ಆರಂಭಿಸಿದ ಸೇವೆ ಬೆಳೆಯಿತು. 2008ರಲ್ಲಿ ಸರ್ಕಾರ ನೀತಿ ರೂಪಿಸಿತು. ಇಂದು ಅಲ್ಲಿನ ಗ್ರಾಮ ಪಂಚಾಯಿತಿಗಳೇ ದಾದಿಯರನ್ನು ಮನೆಮನೆಗೆ ಕಳುಹಿಸುತ್ತವೆ. ಊರಿನವರು ಕೈಜೋಡಿಸಿದ್ದರಿಂದಲೇ ಅದು ಉಳಿಯಿತು.

ಭಕ್ತರೂ ಇಲ್ಲಿ ಮಾಡಬಹುದಾದುದು ಬಹಳವಿದೆ. ಸರ್ಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಈ ಬೇಡಿಕೆಯನ್ನಿಡಿರಿ. ಹಾಸಿಗೆ ಹಿಡಿದವರ ವಿಷಯವನ್ನು ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಮನೆಯಲ್ಲಿ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿರಿ, ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿರಿ, ಬೇಡವೆಂದಾಗ ಊಟಕ್ಕೆ ಒತ್ತಾಯಿಸಬೇಡಿರಿ. ನೆರೆಮನೆಯಲ್ಲಿ ಇಂಥ ರೋಗಿಯಿದ್ದರೆ ಒಂದು ರಾತ್ರಿ ನೀವು ಎಚ್ಚರವಿದ್ದು ಮನೆಯವರನ್ನು ಮಲಗಿಸಿರಿ, ಇದೂ ದಾಸೋಹವೇ.

ವೈದ್ಯರು ‘ಮನೆಗೆ ಕರೆದುಕೊಂಡು ಹೋಗಿರಿ’ ಎಂದಾಗ ಎದ್ದು ಬರುವ ಮುನ್ನ ಒಂದು ಪ್ರಶ್ನೆ ಕೇಳಿರಿ: “ಆಗಲಿ, ನೋವಿಗೆ ಏನು ಕೊಡುವಿರಿ?” ಅದನ್ನು ಕೇಳುವ ಹಕ್ಕು ನಿಮಗಿದೆ.