ಕ್ಷಯಾಣುವಿನ ಅಕ್ಷರಮಾಲೆ

ನೆನಪುಗಳ ಜೊತೆಗೆ, ನಾನು ತಡವಾಗಿ ಕಲಿತ ಒಂದು ಪಾಠವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ನಾನು ಸೇವೆಯಲ್ಲಿದ್ದಾಗ ಬಾಲಕನೊಬ್ಬನ ತಂದೆಗೆ ಕ್ಷಯರೋಗ ತಗುಲಿತು. ಇತರ ಪೋಷಕರ ಅಂಜಿಕೆಗೆ ಮಣಿದು ನಾನು ಆ ಬಾಲಕನನ್ನು ಬೇರೆ ಬೆಂಚಿನಲ್ಲಿ ಕೂರಿಸಿದೆ. ಅವನ ಲೋಟವನ್ನೂ ಬೇರೆಯಿರಿಸಿದೆ. ಕೂಲಿಯನ್ನೇ ನಂಬಿದ್ದ ಆ ತಂದೆ ಕೆಮ್ಮು ನಿಂತೊಡನೆ ಔಷಧವನ್ನೂ ನಿಲ್ಲಿಸಿದರು. ರೋಗ ಮರುಕಳಿಸಿದಾಗ ಹಳೆಯ ಔಷಧ ನಾಟಲಿಲ್ಲ. ಅವರು ಉಳಿಯಲಿಲ್ಲ. ಏಕೆ ಹೀಗಾಯಿತೆಂಬುದು ಅಂದು ನನಗೆ ತಿಳಿದಿರಲಿಲ್ಲ.

ಕ್ಷಯಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಕಂಡುಹಿಡಿದುದಾಗಿ ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಸಾರಿದರು. ಅದರ ಸಮಗ್ರ ವಂಶವಾಹಿ ಬರಹವನ್ನು, ಅಂದರೆ ಜೀನೋಮನ್ನು, ವಿಜ್ಞಾನಿಗಳು 1998ರಲ್ಲಿ ಓದಿ ಪ್ರಕಟಿಸಿದರು. ಕನ್ನಡಕ್ಕೆ ಐವತ್ತರ ಹತ್ತಿರ ಅಕ್ಷರಗಳಿವೆ. ಈ ಬರಹಕ್ಕೆ ನಾಲ್ಕೇ ಅಕ್ಷರ. ಆ ನಾಲ್ಕರಿಂದಲೇ ರಚಿತವಾದ ಕ್ಷಯಾಣುವಿನ ಗ್ರಂಥದಲ್ಲಿ ಸುಮಾರು 44 ಲಕ್ಷ ಅಕ್ಷರಗಳೂ ಸುಮಾರು 4,000 ವಂಶವಾಹಿಗಳೂ ಇವೆ.

ಅಣುವೊಂದು ಎರಡಾಗುವಾಗಲೆಲ್ಲ ಈ ಗ್ರಂಥದ ನಕಲು ತಯಾರಾಗುತ್ತದೆ. ನಕಲಿನಲ್ಲಿ ಒಮ್ಮೊಮ್ಮೆ ಅಕ್ಷರ ತಪ್ಪುವುದು ಸಹಜ. ರಿಫಾಂಪಿಸಿನ್ ಎಂಬ ಮುಖ್ಯ ಔಷಧವು ಹಿಡಿದುಕೊಳ್ಳುವ ಭಾಗವನ್ನು ರೂಪಿಸುವ ವಂಶವಾಹಿಯಲ್ಲಿ ಒಂದಕ್ಷರ ತಪ್ಪಿದರೂ ಔಷಧಕ್ಕೆ ಹಿಡಿತ ಸಿಗದಂತಾಗಬಹುದು. ಆದುದರಿಂದಲೇ ವೈದ್ಯರು ಹಲವು ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ. ಒಂದರಿಂದ ತಪ್ಪಿಸಿಕೊಂಡ ಅಣು ಮತ್ತೊಂದಕ್ಕೆ ಬಲಿಯಾಗುತ್ತದೆ. ಬಿಟ್ಟುಬಿಟ್ಟು ಸೇವಿಸಿದರೆ ಅಥವಾ ನಡುವೆ ನಿಲ್ಲಿಸಿದರೆ, ಅರ್ಧ ಕಳೆ ಕಿತ್ತ ರಾಗಿ ಹೊಲದಂತೆ, ಉಳಿದ ಗಟ್ಟಿ ಅಣುಗಳೇ ಹಬ್ಬುತ್ತವೆ.

ಹಿಂದೆ ಕಫದಲ್ಲಿನ ಅಣುಗಳನ್ನು ಬೆಳೆಸಿ ಔಷಧ ನಾಟುವುದೇ ಎಂದು ನೋಡಲು ವಾರಗಳೇ ಬೇಕಾಗುತ್ತಿದ್ದವು. ಇಂದು ಆ ತಪ್ಪಕ್ಷರವನ್ನೇ ಹುಡುಕಿ ಕೆಲವೇ ಗಂಟೆಗಳಲ್ಲಿ ತಿಳಿಸುವ ಯಂತ್ರಗಳಿವೆ. ಅವುಗಳಲ್ಲೊಂದಾದ ಟ್ರೂನಾಟ್, ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯ ಶ್ರಮದಿಂದ ರೂಪುಗೊಂಡದ್ದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅನುಮೋದಿಸಿತು. ಅದು ಬ್ಯಾಟರಿಯಿಂದಲೂ ನಡೆಯುತ್ತದೆ. ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೋ, ಇತ್ತ ಚಾಮರಾಜನಗರಕ್ಕೋ ಅಲೆಯುವ ನಮ್ಮಂಥ ಬೆಟ್ಟದ ಸೀಮೆಯವರಿಗೆ ಇಂಥ ಯಂತ್ರದ ಬೆಲೆಯನ್ನು ಹೇಳಬೇಕಾಗಿಲ್ಲ.

ಇನ್ನು ನನ್ನ ತಪ್ಪಿನ ಮಾತು. ಕ್ಷಯವು ಗಾಳಿಯ ಮೂಲಕ ಹರಡುವುದೇ ಹೊರತು ಲೋಟ, ಬೆಂಚುಗಳಿಂದಲ್ಲ. ರೋಗಿ ಮನೆಯಲ್ಲಿಯೇ ಇದ್ದು ಔಷಧ ಸೇವಿಸಿದರೂ ಗುಣವಾಗುವನೆಂದೂ, ಅದರಿಂದ ಮನೆಯವರಿಗೆ ಹೆಚ್ಚಿನ ಅಪಾಯವಿಲ್ಲವೆಂದೂ 1950ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ನಡೆದ ಅಧ್ಯಯನ ತೋರಿಸಿಕೊಟ್ಟಿತ್ತು. ನಾನು ಆ ಬೆಂಚನ್ನು ಬೇರೆಯಿಡುವುದಕ್ಕೆ ಎಷ್ಟೋ ಮುಂಚಿನ ಮಾತದು.

ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ವೈದ್ಯರು ನಿಲ್ಲಿಸೆನ್ನುವವರೆಗೆ ಔಷಧ ನಿಲ್ಲಿಸಬೇಡಿ. ರೋಗಿಯನ್ನೂ ಅವರ ಮಕ್ಕಳನ್ನೂ ದೂರವಿಡಬೇಡಿ.

ಆ ಬಾಲಕ ಇಂದು ಮಧ್ಯವಯಸ್ಕನಾಗಿರಬೇಕು. ಈ ಸಂಚಿಕೆ ಅವನ ಕೈಸೇರಿದರೆ, ತನ್ನ ಹಳೆಯ ಮೇಷ್ಟರನ್ನು ಅವನು ಕ್ಷಮಿಸಲಿ.